ಎಡತೋಳಿನ ಅಳತೆ

ಹೊಲಿಗೆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಅಳತೆ ಪುಸ್ತಕ ಮಾತ್ರ ನನ್ನ ಹತ್ತಿರವೇ ಇದೆ. ತಂಗಿಯ ಪುಟ ತೆರೆದರೆ ಇವತ್ತಿಗೂ ಸೀಮೆಸುಣ್ಣದ ಪುಡಿ ಬೆರಳಿಗೆ ಹತ್ತುತ್ತದೆ.

ಆ ವರ್ಷ ಅವಳು ಮೂರನೇ ಸಲ ಅಂಗಿ ಹಿಡಿದುಕೊಂಡು ಬಂದಳು. "ಅಕ್ಕಾ, ಎಡತೋಳು ಮತ್ತೆ ಬಿಗಿ. ಮೊದಲು ಕನ್ನಡಕ ಹಾಕ್ಕೋ."

"ಮೊದಲು ನೀನು ತಿನ್ನೋದು ಕಡಿಮೆ ಮಾಡು."

ನಾವು ಅಳೆಯುವುದು ಬಲತೋಳನ್ನು ಮಾತ್ರ. ಎಡಕ್ಕೂ ಅದೇ ಲೆಕ್ಕ. ಹಿಂದೆ ಎರಡು ಸಲ ಯೋಚನೆಯೇ ಮಾಡದೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೆ. ಅವತ್ತು ಯಾಕೋ ಎಡಕ್ಕೂ ಟೇಪು ಸುತ್ತಿದೆ. ಬಲ ಹನ್ನೊಂದು ಇಂಚು, ಎಡ ಹನ್ನೆರಡೂವರೆ. ದಪ್ಪಗಾಗುವವರು ಒಂದೇ ತೋಳಿಗೆ ದಪ್ಪಗಾಗುತ್ತಾರೆಯೇ? ಒತ್ತಿದರೆ ಆಳದಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ನೋವಿಲ್ಲವಂತೆ, ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ನಮ್ಮ ಬೀದಿಯ ಡಾಕ್ಟರು ಮುಟ್ಟಿ ನೋಡಿ, "ಕೊಬ್ಬಿನ ಗಂಟು. ಗುರುವಾರ ಬನ್ನಿ, ಇಲ್ಲೇ ಕುಯ್ದು ತೆಗೀತೀನಿ" ಅಂದರು. ತಂಗಿಗೆ ಹೋದ ಜೀವ ಬಂದಂತಾಯಿತು. ನಾನು ಮಾತ್ರ ಅಂಗಡಿಗೆ ಬಂದು ಪುಸ್ತಕದಲ್ಲಿ ಆ ಒಂದೂವರೆ ಇಂಚಿನ ಲೆಕ್ಕವನ್ನು ಮತ್ತೆ ನೋಡಿದೆ. ಬುಧವಾರವೇ ಪುಸ್ತಕ ಕಂಕುಳಲ್ಲಿಟ್ಟು ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಪುಸ್ತಕದಲ್ಲಿ ಬೆರಳಿಟ್ಟು ಓದಿದರು: ಎಡತೋಳು ಅರ್ಧ ಇಂಚು ಬಿಚ್ಚಿದ್ದು, ತಾರೀಕು; ಮತ್ತೆ ಅರ್ಧ ಇಂಚು, ತಾರೀಕು.

"ಎಂಟು ತಿಂಗಳಲ್ಲಿ ಇಷ್ಟು ಬೆಳೆದಿದೆ, ಆಳದಲ್ಲೂ ಇದೆ. ಇದನ್ನ ಸುಮ್ನೆ ಕುಯ್ಯಬಾರದಮ್ಮ. ಮೊದಲು ಸ್ಕ್ಯಾನು, ಆಮೇಲೆ ಸೂಜೀಲಿ ಚೂರು ತೆಗೆದು ನೋಡ್ತೀವಿ."

"ನಾಳೆ ಕುಯ್ಸಿದ್ರೆ?" ತಂಗಿ ಕೇಳಿದಳು.

"ಕ್ಯಾನ್ಸರ್ ಆಗಿದ್ರೆ ಸುತ್ತಮುತ್ತ ಹರಡಬಹುದು. ಆಮೇಲೆ ತೋಳು ಉಳಿಸೋದು ಕಷ್ಟ."

ಸೂಜಿ ಚುಚ್ಚುವ ಮುಂಚೆ ಶಾಯಿಯಲ್ಲಿ ಗೆರೆ ಎಳೆದರು. ಮುಂದೆ ಆಪರೇಷನ್ನಿಗೆ ಕುಯ್ಯುವ ಜಾಗದಲ್ಲೇ ಸೂಜಿ ಇಳಿಯಬೇಕಂತೆ. ಸೂಜಿ ಹೋದ ದಾರಿಯನ್ನೂ ಗಂಟಿನ ಜೊತೆಗೇ ತೆಗೆಯುತ್ತಾರಂತೆ.

"ನಿನ್ನ ಥರಾನೇ ಗುರುತು ಹಾಕ್ತಾರೆ ಕಣೇ," ತಂಗಿ ಪಿಸುಗುಟ್ಟಿದಳು. "ಆದ್ರೆ ಇವರ ಗೆರೆ ನೆಟ್ಟಗಿದೆ."

ಹದಿನಾರು ದಿನ ಕಾದೆವು. ಅಪರೂಪದ್ದು, ಒಬ್ಬರ ಕಣ್ಣು ಸಾಲದು ಎಂದು ಚೂರನ್ನು ಬೇರೆ ಊರಿನ ತಜ್ಞರಿಗೂ ಕಳಿಸಿದ್ದರು. ಕೊನೆಗೆ ಹೆಸರು ಬಂತು: ಸಾರ್ಕೋಮಾ, ಮಾಂಸದಲ್ಲಿ ಹುಟ್ಟುವ ಕ್ಯಾನ್ಸರ್. ಗಂಟನ್ನೂ ಸುತ್ತಲಿನ ಒಂದಿಷ್ಟು ಮಾಂಸವನ್ನೂ ತೆಗೆದರು. ತೋಳು ಉಳಿಯಿತು.

ಚೇತರಿಸಿಕೊಂಡು ಮತ್ತೆ ಅಂಗಿ ಹಿಡಿದು ಬಂದಳು. "ಈಗ ಸಡಿಲ. ನಿಂಗೆ ಕೆಲಸ ಬರೋದೇ ಇಲ್ಲ ಬಿಡು."

ಅಳೆದೆ. ಒಂಬತ್ತೂಮುಕ್ಕಾಲು.

ಆಮೇಲೆ ಅಂಗಡಿ ಮುಚ್ಚುವವರೆಗೆ ಹತ್ತೊಂಬತ್ತು ವರ್ಷ ಆ ಪುಟದಲ್ಲಿ ಅದೇ ಅಂಕಿ. ಬಾಯಿಪಾಠವಾಗಿದ್ದರೂ ಪ್ರತಿ ಅಂಗಿಗೂ ಟೇಪು ಸುತ್ತುತ್ತಿದ್ದೆ. ಅವಳೂ ಕೇಳುವ ಮೊದಲೇ ಎಡತೋಳು ಚಾಚಿ, ನಾನು ಬರೆದುಕೊಳ್ಳುವವರೆಗೆ ಮಾತು ನಿಲ್ಲಿಸುತ್ತಿದ್ದಳು.