‘ಪರದೆ’ಯ ಹೊಸ ಆವೃತ್ತಿ

ಮೇಲಿನ ಮನೆಯಲ್ಲಿ ಅಕ್ಕ ಕುರ್ಚಿ ಎಳೆದಳೆಂದರೆ ಕೆಳಗೆ ನಾನು ಹಲ್ಲು ಕಡಿಯುತ್ತೇನೆ. ಎತ್ತಿಟ್ಟರೆ ಅವಳ ಗಂಟೇನೂ ಹೋಗುವುದಿಲ್ಲ. ನಾನು ಕೆಳಗೆ ಕೂತಿರುತ್ತೇನೆ ಎಂದು ಗೊತ್ತು, ಅದಕ್ಕೇ ಎಳೆಯುತ್ತಾಳೆ. ಮಾತು ಬಿಟ್ಟ ಮೇಲೆ ಅವಳು ನನಗೆ ಹೇಳಬೇಕಾದ್ದನ್ನೆಲ್ಲ ಕುರ್ಚಿಯ ಕಾಲಿನಿಂದಲೇ ಹೇಳುವುದು.

ಮಾತು ಬಿಟ್ಟಿದ್ದು ‘ಪರದೆ’ಯಿಂದ. ಸ್ವಂತ ವಿಕಿ ಇಟ್ಟುಕೊಂಡವರಿಗೆ ಅದೊಂದು ಪ್ಲಗಿನ್, ಅಂದರೆ ವಿಕಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್. ಓದಿದ್ದು, ಕೇಳಿದ್ದು, ಮನೆಯ ವಿಷಯ ಎಲ್ಲವನ್ನೂ ಪುಟಪುಟವಾಗಿ ಬರೆದು, ಒಂದಕ್ಕೊಂದು ಕೊಂಡಿ ಹಾಕಿ, ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ಜನ ನಾವು. ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಕೆಲವು ಪುಟ ಕಾಣಬಾರದು. ಪ್ರತಿ ಪುಟಕ್ಕೂ ಅದು ಯಾವುದರ ಬಗ್ಗೆ ಎಂದು ಗುರುತಿನ ಪದ, ಅಂದರೆ ಟ್ಯಾಗು, ಹಚ್ಚಿರುತ್ತೇವೆ. ಯಾವ ಟ್ಯಾಗು ಬೇಡವೋ ಅದನ್ನು ಪರದೆಗೆ ಹೇಳಿದರಾಯಿತು, ಆ ಟ್ಯಾಗಿನ ಪುಟಗಳೆಲ್ಲ ಮರೆಗೆ ಸರಿಯುತ್ತವೆ, ಅಳಿಸಿಹೋಗುವುದಿಲ್ಲ. ಇಂಥದ್ದೊಂದು ಬೇಕು ಎಂದವಳು ನಾನು. ಹೆಸರಿಟ್ಟವಳು ನಾನು. ಬಟನ್ನುಗಳ ಮೇಲಿನ ಮಾತು, ಕೈಪಿಡಿ, ಫೋರಮ್ಮಿನಲ್ಲಿ ಕೇಳಿದವರಿಗೆಲ್ಲ ಉತ್ತರ, ಪ್ರತಿ ಆವೃತ್ತಿಯನ್ನೂ ಜನರಿಗೆ ಹಂಚಲು ಒಂದೇ ಫೈಲಾಗಿ ಪ್ಯಾಕ್ ಮಾಡಿ ಪರೀಕ್ಷಿಸುವುದು, ಎಲ್ಲ ನಾನೇ. ಲಿಫ್ಟ್ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವ ಅಕ್ಕ ಕೋಡ್ ಬರೆದಳು. ಪ್ಲಗಿನ್ನುಗಳ ಅಧಿಕೃತ ಪಟ್ಟಿಗೆ ಸೇರಿಸುವಾಗ ‘ಲೇಖಕರು’ ಎಂಬ ಜಾಗದಲ್ಲಿ ತನ್ನೊಬ್ಬಳ ಹೆಸರು ಹಾಕಿಕೊಂಡಳು.

"ನಿಂದು ಬರೀ ಮಾತು ಕಣೇ. ಪ್ಲಗಿನ್ ಅಂದ್ರೆ ಕೋಡ್" ಅಂದಳು.

"ಹಾಗಾದ್ರೆ ಇನ್ಮೇಲೆ ನೀನೇ ಪ್ಯಾಕ್ ಮಾಡ್ಕೋ, ನೀನೇ ಬೈಸ್ಕೋ" ಅಂದೆ.

ಅವತ್ತಿನಿಂದ ಅಮ್ಮನೇ ಪೋಸ್ಟ್‌ಮ್ಯಾನ್. ನೀರಿನ ಮೋಟಾರು ಆಫ್ ಮಾಡಲು ಹೇಳಬೇಕಾದರೂ ಪಾಪ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾಳೆ. ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ನಾನು ಮಾಡಿದ ಯಾವ ಕೆಲಸದ ಮೇಲೂ ನನ್ನ ಹೆಸರಿಲ್ಲ. ಇದೊಂದರ ಮೇಲಾದರೂ ಇರಲಿ ಎಂದು ಆಸೆಪಟ್ಟಿದ್ದೆ. ಅದನ್ನೂ ಕಸಿದುಕೊಂಡಳಲ್ಲ ಎಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಕೆಲವು ತಿಂಗಳಾದ ಮೇಲೆ, ಮೊದಲ ಸಲ ನಾನಿಲ್ಲದೆ ಅವಳು ಹೊಸ ಆವೃತ್ತಿ ಹೊರತಂದ ಮರುದಿನ ಫೋರಮ್ಮಿಗೆ ಬೆಂಕಿ ಬಿತ್ತು. ಎಲ್ಲರದ್ದಲ್ಲ, ಕೆಲವರ ಪುಟಗಳು ಮಾಯವಾಗಿದ್ದವು. "ತಂಗಿಯ ಚಿಕಿತ್ಸೆಯ ಪುಟಗಳು ಒಂದೂ ಕಾಣುತ್ತಿಲ್ಲ. ಡಾಕ್ಟರ ಮುಂದೆ ಕೂತಿದ್ದೇನೆ, ಏನು ಹೇಳಲಿ?" ಎಂದು ಒಬ್ಬ ಗೋಗರೆದಿದ್ದ. ಅಕ್ಕ ಕೊಟ್ಟ ಉತ್ತರ ಇಷ್ಟೇ: "ನನ್ನ ವಿಕಿಯಲ್ಲಿ ಸರಿಯಾಗಿಯೇ ಇದೆ." ಜನ ಅವಳ ನೀರಿಳಿಸಿದರು. ನಾನು ಒಂದೊಂದು ಬೈಗುಳವನ್ನೂ ಚಪ್ಪರಿಸಿಕೊಂಡು ಓದಿದೆ. ಸಂಜೆಯೊಳಗೆ ಸರಿಯಾಗದಿದ್ದರೆ ಪ್ಲಗಿನ್ನನ್ನೇ ಪಟ್ಟಿಯಿಂದ ಕಿತ್ತುಹಾಕುತ್ತೇವೆ ಎಂದು ಪಟ್ಟಿ ನೋಡಿಕೊಳ್ಳುವವರು ಬರೆದರು ನೋಡಿ, ಆಗ ನನ್ನ ಖುಷಿ ಇಳಿಯಿತು. ಪ್ಲಗಿನ್ನೇ ಹೋದರೆ ನನ್ನ ಹೆಸರು ಸೇರಿಸಲು ಸಾಲೆಲ್ಲಿ ಉಳಿಯುತ್ತದೆ?

ಖಾಲಿ ವಿಕಿಯೊಂದನ್ನು ತೆರೆದು ಹೊಸ ಆವೃತ್ತಿ ಹಾಕಿದೆ. ಒಂದು ಪುಟ ಮಾಡಿ ಬೇರೆ ಬೇರೆ ಟ್ಯಾಗ್ ಕೊಡುತ್ತಾ ಹೋದೆ. ‘ಮನೆ’ ಎಂದರೂ ಪುಟ ಇತ್ತು, ‘ಆಸ್ಪತ್ರೆ’ ಎಂದರೂ ಇತ್ತು. ‘ತಂಗಿ’ ಎಂದು ಹಾಕಿ ಸೇವ್ ಮಾಡಿದೆ. ಪುಟ ಕಣ್ಣೆದುರಿಗೇ ಮಾಯವಾಯಿತು.

ನನ್ನ ವಿಕಿಯಲ್ಲಿ ಇದು ಗೊತ್ತಾಗುವಂತೆಯೇ ಇರಲಿಲ್ಲ. ನನಗೆ ತಂಗಿಯಿಲ್ಲ, ತಂಗಿ ನಾನೇ.

ಪ್ಯಾಕ್ ಮಾಡುವುದು ಖಾಲಿ ವಿಕಿಯಿಂದಲೇ ಆಗಬೇಕು. ದಿನಬಳಕೆಯ ವಿಕಿಯಿಂದ ಮಾಡಿದರೆ ನಮ್ಮ ಸೆಟ್ಟಿಂಗುಗಳೂ ಪ್ಲಗಿನ್ನಿನ ಬಾಲ ಹಿಡಿದು ಹೋಗುತ್ತವೆ. ಅಕ್ಕ ತನ್ನ ವಿಕಿಯಿಂದ ಮಾಡಿದ್ದಳು. ಆ ವಿಕಿಯಲ್ಲಿ ‘ತಂಗಿ’ ಎಂದಿದ್ದ ಪುಟಗಳನ್ನೆಲ್ಲ ಪರದೆಯ ಹಿಂದೆ ತಳ್ಳಿದ್ದಳು. ನಾನು ಬೇಕು ಎಂದ ಪ್ಲಗಿನ್ನಿನಿಂದಲೇ ನನ್ನನ್ನು ಮುಚ್ಚಿಟ್ಟಿದ್ದಳು. ಮೈಯೆಲ್ಲ ಉರಿದುಹೋಯಿತು. ಡಾಕ್ಟರ ಮುಂದಿದ್ದವನಿಗೆ "ಪ್ಲಗಿನ್ ಆಫ್ ಮಾಡಿ, ಪುಟಗಳು ಅಲ್ಲೇ ಇವೆ" ಎಂದು ಬರೆದು, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದೆ.

ಭಾವ ಬಾಗಿಲು ತೆರೆದರು. ನನ್ನ ಮುಖ ನೋಡಿದವರೇ "ಬಾಮ್ಮ, ಒಳಗಿದಾಳೆ" ಎಂದು ಅಡುಗೆಮನೆ ಸೇರಿ ನಲ್ಲಿ ಜೋರಾಗಿ ಬಿಟ್ಟುಕೊಂಡರು.

ಅಕ್ಕ ತಿರುಗಿ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಅವಳ ವಿಕಿ ತೆರೆದಿತ್ತು. ಪಕ್ಕದ ಅಂಕಣದಲ್ಲಿ ನಾಲ್ಕೈದು ಪುಟಗಳ ಹೆಸರು, ಉಳಿದದ್ದು ಬರೀ ಬಿಳಿ.

"ಖಾಲಿ ವಿಕಿಯಿಂದ ಪ್ಯಾಕ್ ಮಾಡ್ಬೇಕು ಅಂತ ಕೈಪಿಡೀಲಿ ದಪ್ಪಕ್ಷರದಲ್ಲಿ ಬರ್ದಿದೀನಿ. ಓದಿದ್ಯಾ?"

"ನಾನು ಮಾಡಿದ ಪ್ಲಗಿನ್ನಿಗೆ ನಾನ್ಯಾಕೆ ಕೈಪಿಡಿ ಓದ್ಲಿ?"

"ನೀನು ‘ತಂಗಿ’ ಅಂತ ಮುಚ್ಚಿಟ್ಟಿದೀಯಲ್ಲ, ಅದು ಊರೋರಿಗೆಲ್ಲ ಹೋಗಿದೆ."

ಅವಳು ಥಟ್ಟನೆ ನನ್ನತ್ತ ತಿರುಗಿದಳು. ಆದರೂ ಜಂಬ ಇಳಿಯಲಿಲ್ಲ.

"ನನ್ನ ವಿಕಿ. ಏನು ಬೇಕಾದ್ರೂ ಮುಚ್ಕೋತೀನಿ."

"ಮುಚ್ಕೋ, ಯಾರು ಬೇಡ ಅಂದ್ರು? ಕಂಡೋರ ತಂಗೀರು ಏನ್ ಮಾಡಿದ್ರು ನಿಂಗೆ?"

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಭಾವ ಕಿವಿಗೊಟ್ಟಿದ್ದರು.

"ನಿಂಗೇನ್ ಬೇಕು, ಅದನ್ನ ಹೇಳು" ಅಂದಳು ಅಕ್ಕ.

"ಲೇಖಕರ ಸಾಲಲ್ಲಿ ನನ್ನ ಹೆಸರು. ಈಗ್ಲೇ. ಇಲ್ಲಾಂದ್ರೆ ಪ್ಯಾಕ್ ಮಾಡೋದು ಹೇಗೆ ಅಂತ ಸಂಜೆವರ್ಗೂ ನನ್ನ ಕೈಪಿಡೀಲಿ ಹುಡುಕ್ತಾ ಕೂತ್ಕೋ."

ಕೂರು ಎನ್ನಲಿಲ್ಲ. ನಿಂತೇ ಪ್ಯಾಕ್ ಮಾಡಿದೆ, ನಿಂತೇ ಪರೀಕ್ಷಿಸಿದೆ. ಅವಳು ಕೀಲಿಗಳನ್ನು ಕುಟ್ಟಿ ಕುಟ್ಟಿ ನನ್ನ ಹೆಸರು ಹಾಕಿ, ಪ್ರಕಟಿಸುವ ಬಟನ್ ಒತ್ತಿದಳು. ತನ್ನ ವಿಕಿಯಲ್ಲಿ ಮುಚ್ಚಿದ್ದನ್ನು ಮಾತ್ರ ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಬಾಯಿ ಸುಮ್ಮನಿರದೆ, "ಇಷ್ಟು ವರ್ಷ ಬರ್ದಿದ್ದು ಇಷ್ಟೇನಾ? ಬಡವಾಗಿದೆ ನಿನ್ ವಿಕಿ" ಅಂದೆ.

"ಆಯ್ತಲ್ಲ, ಹೋಗು" ಅಂದಳು.

ಕೆಳಗೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಸರಿಹೋಯ್ತಾ?"

"ಹೂಂ, ಪ್ಲಗಿನ್ ಸರಿಹೋಯ್ತು."

"ನಾನು ಕೇಳಿದ್ದು ಅದನ್ನಲ್ಲ" ಎಂದು ಒಳಗೆ ಹೋದಳು.

ಹೊಸ ಆವೃತ್ತಿಯನ್ನು ನನ್ನ ವಿಕಿಗೂ ಹಾಕಿಕೊಂಡೆ. ಅವಳ ಹೆಸರಿನ ಪಕ್ಕ ನನ್ನ ಹೆಸರು. ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ. ಆ ಹುರುಪಿನಲ್ಲೇ, ಅವಳಿಗೊಂದು ನ್ಯಾಯ ನನಗೊಂದು ನ್ಯಾಯವಾ ಎಂದು, ಮುಚ್ಚಬೇಕಾದ ಟ್ಯಾಗಿನ ಜಾಗದಲ್ಲಿ ‘ಅಕ್ಕ’ ಎಂದು ಬರೆದು ಒತ್ತಿದೆ.

ಓದಿದ ಪುಸ್ತಕಗಳ ಪುಟಗಳು ಹೋದವು. ಅವಳು ಕೊಟ್ಟಿದ್ದ ಪುಸ್ತಕಗಳು. ಅಮ್ಮನ ಮಂಡಿಯ ಪುಟ ಹೋಯಿತು, ನಾವಿಬ್ಬರೂ ಸರದಿಯಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಅಪ್ಪನ ಕೊನೆಯ ವಾರ ಹೋಯಿತು. ಪರದೆಯ ಕೈಪಿಡಿಯ ಕರಡು ಹೋಯಿತು. ಉಳಿದದ್ದು ಗ್ಯಾಸಿನವನ ಫೋನ್ ನಂಬರು, ವಾಷಿಂಗ್ ಮಷೀನಿನ ವಾರಂಟಿ, ನಾಲ್ಕೈದು ಔಷಧಿ ಚೀಟಿ. ಪಕ್ಕದ ಅಂಕಣ ಬರೀ ಬಿಳಿ. ಮೇಲೆ ನಾನು ನೋಡಿ ಹಂಗಿಸಿ ಬಂದದ್ದು ಇದನ್ನೇ. ಇಷ್ಟು ತಿಂಗಳು ಅವಳು ದಿನವೂ ಎದುರಿಗಿಟ್ಟುಕೊಂಡು ಕೂತದ್ದೂ ಇದನ್ನೇ.

ಮೇಲೆ ಕುರ್ಚಿಯ ಸದ್ದಿರಲಿಲ್ಲ, ಅವಳು ಎದ್ದಿರಲಿಲ್ಲ. ಮುಚ್ಚಿದ್ದನ್ನು ತೆಗೆಯುವ ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಕಿವಿ ನಿಮಿರಿಸಿ ಕೂತೆ. ಮೊದಲು ಅವಳು ತನ್ನದನ್ನು ತೆಗೆಯಲಿ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.