ವಾಸನೆಯಿಲ್ಲದ ಪುಡಿ

ಒಲೆಯ ಪಕ್ಕದಲ್ಲೇ ಕುಳಿತು ಮನಹರ ಪತ್ರಿಕೆ ಓದುತ್ತಿದ್ದ. ಒಲೆಯ ಮೇಲಿನ ಮಜ್ಜಿಗೆಯ ಕಢಿ ತಳ ಹಿಡಿದು ಸೀಯುತ್ತಿತ್ತು. ಹಿತ್ತಲಿನಿಂದ ಓಡಿಬಂದ ಹೆಂಡತಿ, ಇಲ್ಲೇ ಇದ್ದೂ ಗೊತ್ತಾಗಲಿಲ್ಲವೇ ಎಂದು ಬೈದಳು. ಓದಿನಲ್ಲಿ ಮೈಮರೆತಿದ್ದೆ ಎಂದ. ಅದು ಸುಳ್ಳು. ಅವನ ಮೂಗು ಸತ್ತು ವರ್ಷಗಳೇ ಆಗಿದ್ದವು.

ಗುಜರಾತಿನ ಅಂಕಲೇಶ್ವರದ ಔಷಧಿ ಕಾರ್ಖಾನೆಯಲ್ಲಿ ಅವನಿಗೆ ಅನ್ನ ಹಾಕುತ್ತಿದ್ದುದೇ ಮೂಗು. ಒಣಗಿಸಿದ ಹಳದಿ ಪುಡಿಯನ್ನು ಮೂಸಿ, ಅದರಲ್ಲಿ ಬೆರೆಸಿದ್ದ, ಕಿಡಿ ತಾಗಿದರೆ ಹೊತ್ತಿಕೊಳ್ಳುವ ದ್ರಾವಕ ಪೂರ್ತಿ ಆರಿದೆ ಎಂದು ಅವನು ಹೇಳಿದರೆ ಮುಗಿಯಿತು. ಆವಿ ಅಳೆಯುವ ಮೀಟರು ಕೆಟ್ಟು ಮೂಲೆ ಸೇರಿದ್ದರೂ ಯಾರೂ ಕೇಳುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ ಎಲ್ಲರೂ ಅದೇ ದ್ರಾವಕದಲ್ಲಿ ಕೈ ತೊಳೆಯುತ್ತಿದ್ದರು. ಹಳದಿ ಬೇಗ ಹೋಗುತ್ತಿತ್ತು, ಜೊತೆಗೆ ಚರ್ಮವೂ.

ಅದೇ ಕಾರ್ಖಾನೆಯಲ್ಲಿದ್ದ, ರಸಾಯನಶಾಸ್ತ್ರ ಓದಿದ್ದ ಪಾರುಲ್‌ಬೇನ್ ಒಂದು ಗಿರಣಿ ತರಿಸಿದ್ದಳು. ಉಕ್ಕಿನ ಗುಂಡುಗಳ ನಡುವೆ ಎರಡು ಒಣ ಪುಡಿಗಳನ್ನು ಅರೆದರೆ ಸಾಕು, ಹನಿ ದ್ರಾವಕವಿಲ್ಲದೆ ಅದೇ ಔಷಧಿ ಸಿದ್ಧ. ಮಾಲೀಕ ನಗೀನದಾಸ್ ಶೇಠ್ ಮನಹರನ ಅಭಿಪ್ರಾಯ ಕೇಳಿದ. ಈ ಗಿರಣಿ ಓಡಿದರೆ ಮೂಗಿಗೇನು ಕೆಲಸ? ಮನಹರ ಅದರಲ್ಲಿ ಅರೆದ ಪುಡಿಯನ್ನು ಮೂಸಿದಂತೆ ಮಾಡಿದ.

"ಮಸಾಲೆ ಅರೆಯೋಕೆ ಚೆನ್ನಾಗಿದೆ, ಶೇಠ್. ಘಾಟೇ ಇಲ್ದಿರೋದು ಔಷಧಿ ಹೇಗಾಗುತ್ತೆ?"

ಎಲ್ಲರೂ ನಕ್ಕರು. ಗಿರಣಿಗೆ ಗೋಣಿತಾಟು ಹೊದಿಸಿದರು.

ಮರುವಾರ ಅವನು ಒಣಗಿದೆ ಎಂದ ಪುಡಿಯನ್ನು ಅವನ ತಂಗಿಯ ಗಂಡ ಕಮಲೇಶ್ ಡ್ರಮ್ಮಿಗೆ ಸುರಿಯಹೋದ. ಸುರಿಯುವ ಘರ್ಷಣೆಗೆ ಕಿಡಿ ಹಾರಿ, ಪುಡಿಯಲ್ಲಿ ಉಳಿದಿದ್ದ ದ್ರಾವಕದ ಆವಿ ಭಗ್ಗನೆ ಹೊತ್ತಿಕೊಂಡಿತು. ಆಸ್ಪತ್ರೆ ಮುಟ್ಟುವ ಮೊದಲೇ ಕಮಲೇಶ್ ಸತ್ತ.

ತನಿಖೆಗೆ ಬಂದ ಅಧಿಕಾರಿಗೆ ಶೇಠ್, ಸತ್ತವನು ಬೀಡಿ ಹಚ್ಚಿದ್ದ ಎಂದ. ಹಾಗಾದರೆ ತಂಗಿಗೆ ಪರಿಹಾರವೂ ಇಲ್ಲ, ಗಂಡನ ಹೆಸರೂ ಉಳಿಯದು. ಮನಹರ ಹೌದೆಂದು ತಲೆಯಾಡಿಸಿದರೆ ಸಾಕಿತ್ತು, ತಪ್ಪು ಅವನ ಮೇಲೆ ಬರುತ್ತಿರಲಿಲ್ಲ. ಬಾಗಿಲಲ್ಲಿ ತಂಗಿ ನಿಂತಿದ್ದಳು.

ಅವನು ಒಂದು ಅಂಗೈಯಲ್ಲಿ ದ್ರಾವಕ ಆರದ ಒದ್ದೆ ಪುಡಿ, ಇನ್ನೊಂದರಲ್ಲಿ ಗಿರಣಿಯ ಪುಡಿ ಹಿಡಿದು, ಎಲ್ಲರೆದುರು ಎರಡನ್ನೂ ಮೂಸಿದ.

"ಸಾಹೇಬ್ರೇ, ನನಗೆ ಎರಡೂ ಒಂದೇ. ಕಮಲೇಶ್ ಬೀಡಿ ಸೇದೋನಲ್ಲ. ನನ್ನ ಮೂಗು ಸತ್ತಿತ್ತು, ನಾನು ಹೇಳ್ಲಿಲ್ಲ. ಆ ಗಿರಣಿ ಓಡಿದ್ದಿದ್ರೆ ಅವನು ಇರ್ತಿದ್ದ."

ಅಣ್ಣನ ಮುಖ ನೋಡದೆ ತಂಗಿ ಹೊರಟುಹೋದಳು. ಶೇಠ್ ನಾಳೆಯಿಂದ ಬರಬೇಡ ಎಂದ.

ಮನಹರ ಗಿರಣಿಯ ಮೇಲಿನ ಗೋಣಿತಾಟು ಎಳೆದು, ಮಡಿಸಿ ಪಾರುಲ್‌ಬೇನ್ ಕೈಗೆ ಕೊಟ್ಟ. ಹೊರಗೆ ಬಂದಾಗ ಅಭ್ಯಾಸಬಲದಿಂದ ಕೈ ದ್ರಾವಕದ ಡಬ್ಬಿಗೆ ಹೋಯಿತು. ಹಿಂದಕ್ಕೆಳೆದುಕೊಂಡು ನಲ್ಲಿ ತಿರುಗಿಸಿದ. ಎಷ್ಟು ಉಜ್ಜಿದರೂ ಹಳದಿ ಹೋಗಲಿಲ್ಲ.