ಕಮಲಾಕ್ಷಿಯ ಕೈಗುಣ

ವಿಜಯವಾಡದ ಪಟಮಟ ಬಡಾವಣೆಯ ಆ ಓಣಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಬರುತ್ತಿದ್ದುದು ಕಮಲಾಕ್ಷಿಯ ಹತ್ತಿರ. ಧಾರವಾಡದ ಹೆಣ್ಣುಮಗಳು, ಗಂಡ ರಮಾಕಾಂತನ ಬ್ಯಾಂಕಿನ ವರ್ಗಾವಣೆಯ ಜೊತೆ ಆ ಊರಿಗೆ ಬಂದು ಅಲ್ಲೇ ಬೇರೂರಿದವಳು. ಹೊಕ್ಕುಳದ ಮೇಲೆ ಬೆರಳೂರುವಳು. ಮಿಡಿತ ಪಕ್ಕಕ್ಕೆ ಸಿಕ್ಕಿತೋ, ಬಟ್ಟಿ, ಅಂದರೆ ಹೊಕ್ಕುಳ ನಾಡಿ, ಜಾಗ ಬಿಟ್ಟು ಸರಿದಿದೆ ಎಂದೇ ತೀರ್ಪು. ಅಲ್ಲಿ ಪುಟ್ಟ ದೀಪವಿಟ್ಟು, ತಂಬಿಗೆ ಕವುಚಿ, ಎಣ್ಣೆ ನೀವಿ ಅದನ್ನು ಜಾಗಕ್ಕೆ ಕೂಡಿಸಿಬಿಡುವಳು. ಯಾರನ್ನೂ ಹೊಗಳದ ಪಕ್ಕದ ಮನೆಯ ಕೋಟೇಶ್ವರಮ್ಮ ಕೂಡ ಅವಳ ಕೈಗುಣವನ್ನು ಹೊಗಳುತ್ತಿದ್ದಳು.

೧೯೯೨ರಲ್ಲಿ, ವಿಶಾಖಪಟ್ಟಣದಲ್ಲಿದ್ದ ರಮಾಕಾಂತನ ಅಣ್ಣ ಹೊಟ್ಟೆನೋವೆಂದು ಕುಸಿದು ಎರಡೇ ತಾಸಿನಲ್ಲಿ ತೀರಿಕೊಂಡ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿ ಒಡೆದಿತ್ತಂತೆ. ಅಲ್ಲಿಯ ಡಾಕ್ಟರು ರಮಾಕಾಂತನಿಗೆ, "ನಿಮಗೀಗ ಅರವತ್ತಾರು, ಸಿಗರೇಟು ಬೇರೆ. ಒಡಹುಟ್ಟಿದವರಿಗೂ ಇದು ಬರಬಹುದು. ನೋವಿಲ್ಲದಿದ್ದರೂ ಒಮ್ಮೆ ಸ್ಕ್ಯಾನ್ ಮಾಡಿಸಿ" ಎಂದರು. ಮಗ ದುರ್ಗಾಪ್ರಸಾದ ಊರಿಗೆ ಮರಳಿದವನೇ ಬುಧವಾರಕ್ಕೆ ಹೆಸರು ಬರೆಸಿದ.

ಮಂಗಳವಾರ ಕಮಲಾಕ್ಷಿ ಗಂಡನನ್ನು ಚಾಪೆಯ ಮೇಲೆ ಮಲಗಿಸಿ ಮುಟ್ಟಿ ನೋಡಿದಳು. ಹೊಕ್ಕುಳದ ಎಡಕ್ಕೆ, ಅಂಗೈ ತುಂಬ ಮಿಡಿತ. ಎಂಟು ತಿಂಗಳಿಂದ ಆಗಾಗ ಕೈಗೆ ಸಿಗುತ್ತಿದ್ದುದೇ.

"ಬಟ್ಟಿ ಮತ್ತ ಸರದದ ನೋಡ್ರಿ. ಇದಕ್ಯಾಕ ಸ್ಕ್ಯಾನು?"

ಆಸ್ಪತ್ರೆಯೆಂದರೆ ಬೆವರುವ ಆಸಾಮಿ ರಮಾಕಾಂತ. "ನೀ ಹಂಗಂದ್ರ ನಂಗೂ ಬ್ಯಾಡ" ಎಂದು ಹಾಯಾಗಿ ಕಣ್ಣು ಮುಚ್ಚಿದ.

ಮಗ ರೇಗಾಡಿದ. "ನಲವತ್ತು ವರ್ಷ ಸಂಸಾರ ಮಾಡೀನಿ, ಅವರ ಹೊಟ್ಟಿ ನಂಗ ಗೊತ್ತಿಲ್ಲೇನು?" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಹಾಳು ಹೆಮ್ಮೆ! ಬುಧವಾರ ಅವರು ಮನೆ ಬಿಟ್ಟು ಕದಲಲಿಲ್ಲ. ಆ ವಾರ ಮೂರು ಸಲ ಎಣ್ಣೆ ನೀವಿದಳು.

ಆ ಬುಧವಾರದಿಂದ ಹನ್ನೊಂದನೆಯ ದಿನ ರಮಾಕಾಂತ ಬಚ್ಚಲಲ್ಲಿ ಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ತೆಲುಗಿನಲ್ಲಿ ಮಗನನ್ನು ಕೇಳಿದರು: "ರಕ್ತನಾಳದ ಇಷ್ಟು ದೊಡ್ಡ ಉಬ್ಬು ಹೊರಗಿನಿಂದಲೇ ಕೈಗೆ ಸಿಕ್ಕಿರಬೇಕಲ್ಲ. ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ? ಮೊದಲೇ ಬಂದಿದ್ದರೆ ಆಪರೇಷನ್ನಿಗೆ ಕಳಿಸಬಹುದಿತ್ತು."

ಕಮಲಾಕ್ಷಿ ಗೋಡೆ ಹಿಡಿದು ಕನ್ನಡದಲ್ಲೇ ಅಂದಳು: "ನಂಗೊತ್ತಿತ್ತು. ಎಂಟು ತಿಂಗಳಿಂದ ನನ್ನ ಕೈಗೆ ಸಿಗತಿತ್ತು. ಸ್ಕ್ಯಾನ್ ಬ್ಯಾಡ ಅಂದಾಕಿ ನಾನ."

"ಅಮ್ಮ ಏನನ್ನುತ್ತಿದ್ದಾರೆ?" ಎಂದರು ಡಾಕ್ಟರು.

ದುರ್ಗಾಪ್ರಸಾದ ತಾಯಿಯ ಕಡೆ ನೋಡಲಿಲ್ಲ. "ಏನಿಲ್ಲ ಸಾರ್, ಅಪ್ಪನನ್ನು ಕರೀತಿದ್ದಾರೆ" ಎಂದು ತೆಲುಗಿನಲ್ಲಿ ಹೇಳಿದ.

ಕಮಲಾಕ್ಷಿಗೆ ಅಷ್ಟು ತೆಲುಗು ಚೆನ್ನಾಗಿಯೇ ಅರ್ಥವಾಗುತ್ತಿತ್ತು.